ಇಟಲಿಯ ಹಾವುಗಳು

ಮಿಲಾನಿನಲ್ಲಿ ಇರುವವರು ದಿನಕ್ಕೊಮ್ಮೆಯಾದರೂ ಹಾವಿನ ಮುಖ ನೋಡುತ್ತಾರೆ. ಕಲ್ಲಿನಲ್ಲಿ ಕೆತ್ತಿದ ಹಾವು, ಬಾವುಟದ ಮೇಲಿನ ಹಾವು, ಕಾರಿನ ಮೂತಿಯ ಮೇಲಿನ ಹಾವು. ಮೈ ಸುರುಳಿ ಸುರುಳಿ. ಎಷ್ಟೋ ಕಡೆ ತಲೆ ಮೇಲೆ ಕಿರೀಟ. ಬಾಯಲ್ಲಿ ಅರ್ಧ ಮನುಷ್ಯ, ಎರಡೂ ಕೈ ಚಾಚಿಕೊಂಡು ಹೊರಗೆ ನೋಡುತ್ತಿದ್ದಾನೆ. ಈ ಹಾವನ್ನು ಇಲ್ಲಿನವರು ಬಿಷೋನೆ ಎನ್ನುತ್ತಾರೆ.

ಊರಿನಿಂದ ಫೋನ್ ಮಾಡುವವರಿಗೆ ಇದನ್ನು ಹೇಳಿದರೆ ಒಂದೇ ಪ್ರಶ್ನೆ ಬರುತ್ತದೆ: 'ಅಲ್ಲಿ ಹಾವು ಅಂದ್ರೆ ಸೈತಾನ ಅಲ್ವಾ? ಬೈಬಲ್ಲಿನ ತೋಟದಲ್ಲಿ ಮೊದಲ ಹೆಂಗಸು ಈವ್‌ಗೆ ಹಣ್ಣು ತಿನ್ನಿಸಿ ಕೆಡಿಸಿದ್ದು ಅದೇ ಅಲ್ವಾ?' ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಇಲ್ಲಿ ಇದ್ದಷ್ಟೂ ನನಗೆ ಖಚಿತವಾಗುತ್ತಿರುವುದು ಬೇರೆ. ಈ ದೇಶ ಹಾವನ್ನು ಶಪಿಸಿತು, ತುಳಿಯಿತು, ಆದರೆ ಮನೆಯಿಂದ ಆಚೆ ಹಾಕಲಿಲ್ಲ. ಕ್ರೈಸ್ತ ಧರ್ಮ ಬರುವ ಮೊದಲೂ ಹಾವು ಇಲ್ಲಿ ಮನೆಯದೇ ಆಗಿತ್ತು, ಬಂದ ಮೇಲೂ ಹಾಗೇ ಉಳಿಯಿತು.

ಮೊದಲು ಬಿಷೋನೆ ಕಥೆ ಮುಗಿಸುತ್ತೇನೆ. ಅದು ವಿಸ್ಕೊಂತಿ ಮನೆತನದ ಗುರುತು. 1277ರಲ್ಲಿ ಒತ್ತೊನೆ ವಿಸ್ಕೊಂತಿ ಎದುರಾಳಿಗಳನ್ನು ಸೋಲಿಸಿ ಮಿಲಾನಿನ ಒಡೆಯನಾದ. 1395ರಲ್ಲಿ ಅದೇ ಮನೆಯ ಜಾನ್ ಗಲೆಯಾತ್ಸೊಗೆ ಡ್ಯೂಕ್ ಪಟ್ಟ ಸಿಕ್ಕಿತು. 1450ರಲ್ಲಿ ಅಧಿಕಾರ ಸ್ಫೋರ್ಜಾ ಮನೆತನದ ಕೈಗೆ ಹೋಯಿತು. ಹೊಸಬರು ಹಳೆಯ ಹಾವನ್ನು ಅಳಿಸಲಿಲ್ಲ, ತಮ್ಮದೇ ಮಾಡಿಕೊಂಡರು. ಅವರ ಕೋಟೆಯ ಮೇಲೆ ಇವತ್ತಿಗೂ ಅದನ್ನು ನೋಡಬಹುದು. 1910ರಲ್ಲಿ ಆಲ್ಫಾ ಕಾರು ಕಂಪನಿ ಶುರುವಾದಾಗ ರೊಮಾನೊ ಕತ್ತಾನೆಯೊ ಎಂಬ ನಕ್ಷೆಗಾರ ಕೋಟೆ ಎದುರು ಟ್ರಾಮಿಗೆ ಕಾಯುತ್ತಾ ನಿಂತಿದ್ದನಂತೆ. ಗೋಪುರದ ಮೇಲಿನ ಹಾವು ಕಣ್ಣಿಗೆ ಬಿತ್ತು, ಲೋಗೋಗೆ ಬಂತು. ಇಂಟರ್ ಫುಟ್‌ಬಾಲ್ ತಂಡದ ಅಭಿಮಾನಿಗಳಿಗೂ ಇದೇ ಹಾವು.

ಅದು ಮನುಷ್ಯನನ್ನು ನುಂಗುತ್ತಿದೆಯೋ, ಹೊರಗೆ ಬಿಡುತ್ತಿದೆಯೋ? ಇಲ್ಲಿ ಈ ವಾದ ಮುಗಿಯುವುದಿಲ್ಲ. ಧರ್ಮಯುದ್ಧಕ್ಕೆ ಹೋದ ಒಬ್ಬ ವಿಸ್ಕೊಂತಿ ಶತ್ರುವನ್ನು ಕೊಂದು ಅವನ ಗುರಾಣಿಯ ಮೇಲಿದ್ದ ಚಿತ್ರವನ್ನು ತಂದ ಎಂಬುದು ಒಂದು ಕಥೆ. ಮಿಲಾನಿನ ಹತ್ತಿರದ ಜೆರುಂದೊ ಎಂಬ ಕೆರೆಯಲ್ಲಿ ಮಕ್ಕಳನ್ನು ತಿನ್ನುವ ಘಟಸರ್ಪವಿತ್ತು, ಅದನ್ನು ಒಬ್ಬ ವಿಸ್ಕೊಂತಿ ಕೊಂದ ಎಂಬುದು ಇನ್ನೊಂದು. ಕಾರಿನವರು ಹೇಳುವುದು ಮನುಷ್ಯ ಹಾವಿನ ಬಾಯಿಂದ ಹೊಸಬನಾಗಿ ಹೊರಗೆ ಬರುತ್ತಿದ್ದಾನೆ ಅಂತ. ನನಗೆ ಇದು ಆಮೇಲೆ ಹೊಂದಿಸಿದ ಮಾತು ಅನಿಸುತ್ತದೆ. ಯುದ್ಧಕ್ಕೆ ಹೋಗುವ ಮನೆತನ ಬಾವುಟದ ಮೇಲೆ ಹಾವು ಹಾಕಿಕೊಂಡರೆ ಎದುರಿನವರು ಹೆದರಲಿ ಎಂದೇ ಹಾಕಿಕೊಂಡಿರಬೇಕು.

ಇದಕ್ಕಿಂತ ನನಗೆ ಜಾಸ್ತಿ ಇಷ್ಟವಾದದ್ದು ಸಾಂತ್ ಅಂಬ್ರೋಜೊ ಚರ್ಚಿನ ಹಾವು. ಮಿಲಾನಿನ ರಕ್ಷಕ ಸಂತ ಅಂಬ್ರೋಸ್ 4ನೇ ಶತಮಾನದಲ್ಲಿ ಕಟ್ಟಿಸಿದ ಚರ್ಚು ಇದು. ಒಳಗೆ ಹೋಗಿ ಎಡಕ್ಕೆ ನೋಡಿದರೆ ಒಂದು ಕಂಬ, ಅದರ ತುದಿಯಲ್ಲಿ ಕಂಚಿನ ಹಾವು. ಬಲಕ್ಕೆ ಅದರ ಎದುರು ಇನ್ನೊಂದು ಕಂಬ, ಅದರ ಮೇಲೆ ಶಿಲುಬೆ. ಹಾವೂ ಶಿಲುಬೆಯೂ ಎದುರುಬದುರು! ಯಾರೋ ಗೊತ್ತಿಲ್ಲದೆ ಇಟ್ಟದ್ದಲ್ಲ. ಬೈಬಲ್ಲಿನಲ್ಲಿ ಮೋಶೆ ಎಂಬ ಪ್ರವಾದಿಯ ಜನ ಮರುಭೂಮಿಯಲ್ಲಿ ಹಾವು ಕಚ್ಚಿ ಸಾಯುತ್ತಿದ್ದಾಗ ದೇವರು ಅವನಿಗೆ ಹಾವಿನ ಮೂರ್ತಿ ಮಾಡಿ ಕಂಬಕ್ಕೆ ಏರಿಸಲು ಹೇಳುತ್ತಾನೆ. ಮೋಶೆ ಕಂಚಿನಲ್ಲಿ ಮಾಡುತ್ತಾನೆ. ಅದನ್ನು ನೋಡಿದವರು ಬದುಕುತ್ತಾರೆ. ಯೋಹಾನನ ಸುವಾರ್ತೆಯಲ್ಲಿ ಯೇಸು ತನ್ನನ್ನು ಆ ಹಾವಿಗೇ ಹೋಲಿಸಿಕೊಳ್ಳುತ್ತಾನೆ: ಮೋಶೆ ಹಾವನ್ನು ಮೇಲಕ್ಕೆ ಎತ್ತಿದ ಹಾಗೆ ನನ್ನನ್ನೂ ಎತ್ತಬೇಕು ಎಂದು. ಒಂದೇ ಗ್ರಂಥದಲ್ಲಿ ತೋಟ ಕೆಡಿಸಿದ್ದೂ ಹಾವೇ, ಜೀವ ಉಳಿಸಿದ್ದೂ ಹಾವೇ.

ಈ ಕಂಚಿನ ಹಾವನ್ನು ಸುಮಾರು ಸಾವಿರ ವರ್ಷದ ಹಿಂದೆ ಆರ್ಚ್‌ಬಿಷಪ್ ಅರ್ನೊಲ್ಫೊ ಕಾನ್‌ಸ್ಟಾಂಟಿನೋಪಲ್‌ನಿಂದ ತಂದ ಎನ್ನುತ್ತಾರೆ. ಅವನು ಅಲ್ಲಿಗೆ ಹೋದದ್ದು ಪವಿತ್ರ ರೋಮನ್ ಚಕ್ರವರ್ತಿ ಮೂರನೇ ಓಟೋಗೆ ಹೆಣ್ಣು ತರಲು. ಹೆಣ್ಣು ಬರುವಷ್ಟರಲ್ಲಿ, 1002ರಲ್ಲಿ, ಚಕ್ರವರ್ತಿಯೇ ತೀರಿಕೊಂಡ. ಹಾವು ಮಾತ್ರ ಮಿಲಾನಿನಲ್ಲಿ ಉಳಿಯಿತು. ಜನ ಅದನ್ನು ಮೋಶೆಯ ಹಾವೇ ಎಂದು ನಂಬಿದರು. ಆದರೆ ಮೋಶೆಯ ಹಾವಿಗೆ ಜನ ಧೂಪ ಹಾಕಿ ಪೂಜೆ ಮಾಡುತ್ತಿದ್ದರೆಂದು ರಾಜ ಹಿಜ್ಕೀಯ ಅದನ್ನು ಒಡೆದು ಹಾಕಿದ ಎಂದು ಅದೇ ಬೈಬಲ್ಲಿನಲ್ಲಿದೆ! ಮಿಲಾನಿನ ತಾಯಂದಿರು ಅದಕ್ಕೆ ತಲೆಕೆಡಿಸಿಕೊಳ್ಳಲಿಲ್ಲ. ಹೊಟ್ಟೆಯಲ್ಲಿ ಜಂತುಹುಳು ಆದ ಮಕ್ಕಳನ್ನು ಎತ್ತಿಕೊಂಡು ಈ ಕಂಬದ ಹತ್ತಿರ ಬರುತ್ತಿದ್ದರು. ಲೋಕ ಮುಗಿಯುವ ಕಾಲಕ್ಕೆ ಈ ಹಾವು ಕಂಬ ಇಳಿದು ಹೊರಟುಹೋಗುತ್ತದೆ ಎಂಬ ನಂಬಿಕೆಯೂ ಇತ್ತು. ನಾಗರಕಲ್ಲಿಗೆ ಹರಕೆ ಹೊತ್ತ ಮನೆಗಳಲ್ಲಿ ಬೆಳೆದ ನಮಗೆ ಆ ತಾಯಂದಿರನ್ನು ಅರ್ಥ ಮಾಡಿಕೊಳ್ಳಲು ಯಾರ ಸಹಾಯವೂ ಬೇಡ.

ತುಳಿದ ಹಾವನ್ನೂ ನೋಡಬೇಕು. ಯೇಸುವಿನ ತಾಯಿ ಮರಿಯಮ್ಮನ ಮೂರ್ತಿಗಳಲ್ಲಿ ಎಷ್ಟೋ ಕಡೆ ಕಾಲ ಕೆಳಗೆ ಹಾವಿರುತ್ತದೆ. ಇವುಗಳಲ್ಲೆಲ್ಲ ಮನಸ್ಸು ನಿಲ್ಲುವುದು ಕರವಾಜ್ಜೊ 1605–06ರಲ್ಲಿ ಬರೆದ ಚಿತ್ರದ ಮುಂದೆ. ಈಗ ರೋಮಿನ ಬೋರ್ಗೇಸೆ ಗ್ಯಾಲರಿಯಲ್ಲಿದೆ. ತಾಯಿ ಬಗ್ಗಿ ಮಗುವನ್ನು ಹಿಡಿದುಕೊಂಡಿದ್ದಾಳೆ. ಅವಳ ಬರಿಗಾಲು ಹಾವಿನ ತಲೆಯ ಮೇಲೆ, ಮಗುವಿನ ಪುಟ್ಟ ಕಾಲು ಅವಳ ಪಾದದ ಮೇಲೆ. ಹಾವಿನ ತಲೆ ತುಳಿದದ್ದು ತಾಯಿಯೋ ಮಗನೋ ಎಂಬುದು ಆಗ ಕ್ಯಾಥೊಲಿಕರಿಗೂ ಪ್ರೊಟೆಸ್ಟೆಂಟರಿಗೂ ದೊಡ್ಡ ಜಗಳ. ಕರವಾಜ್ಜೊ ಇಬ್ಬರ ಕಾಲನ್ನೂ ಒಂದರ ಮೇಲೊಂದು ಇಟ್ಟುಬಿಟ್ಟ. ಪಕ್ಕದಲ್ಲಿ ಅಜ್ಜಿ ಆನ್ನಾ, ಮುಖದ ತುಂಬ ಸುಕ್ಕು, ಸುಮ್ನೆ ನೋಡುತ್ತಾ ನಿಂತಿದ್ದಾಳೆ. ಸಂತ ಪೀಟರ್ ಚರ್ಚಿನ ಪೂಜಾವೇದಿಕೆಗೆಂದು ಬರೆಸಿದ ಚಿತ್ರವನ್ನು ಸ್ವಲ್ಪ ದಿನದಲ್ಲೇ ಅಲ್ಲಿಂದ ತೆಗೆದರು. ಹಾವು ಮಾತ್ರ ಎಷ್ಟು ಜೀವಂತವಾಗಿದೆ ಅಂದರೆ, ತುಳಿದ ಮೇಲೂ ಅದರ ಮೈ ಹೊರಳುತ್ತಿರುವುದು ಗೊತ್ತಾಗುತ್ತದೆ.

ಅದೇ ರೋಮಿನ ಟೈಬರ್ ನದಿಯ ನಡುವಿನ ದ್ವೀಪಕ್ಕೆ ಹಾವು ಅತಿಥಿಯಾಗಿ ಬಂದಿತ್ತು. ಕ್ರಿಸ್ತಪೂರ್ವ 293ರಲ್ಲಿ ರೋಮಿನಲ್ಲಿ ಸಾಂಕ್ರಾಮಿಕ ರೋಗ ಹಬ್ಬಿತು. ವೈದ್ಯದೇವರು ಅಸ್ಕ್ಲೇಪಿಯಸ್‌ನನ್ನು ಕರೆತರಲು ಗ್ರೀಸಿನ ಎಪಿಡೌರಸ್‌ಗೆ ಹಡಗು ಹೋಯಿತು. ದೇವರು ಹಾವಾಗಿ ಹಡಗು ಹತ್ತಿದ, ರೋಮಿಗೆ ಬಂದವನು ಈ ದ್ವೀಪದಲ್ಲಿ ಇಳಿದ ಎಂಬುದು ಪುರಾಣ. ಗುಡಿ ಕಟ್ಟಿದರು, ದ್ವೀಪದ ಅಂಚಿಗೆ ಹಡಗಿನ ಆಕಾರದಲ್ಲಿ ಕಲ್ಲು ಕಟ್ಟಿದರು. ನದಿ ದಂಡೆಗೆ ಇಳಿದರೆ ಅದರ ಒಂದು ತುಂಡು ಈಗಲೂ ಕಾಣುತ್ತದೆ, ದೇವರ ಕೋಲಿಗೆ ಸುತ್ತಿದ ಹಾವಿನ ಗುರುತಿನ ಜೊತೆ. ಗುಡಿಯಿದ್ದ ಜಾಗದಲ್ಲಿ ಈಗ ಸಂತ ಬಾರ್ತೊಲೊಮೆಯೊ ಚರ್ಚು. ಅದನ್ನು ಕಟ್ಟಿಸಿದವನು ಮೇಲೆ ಹೇಳಿದ, ಮದುವೆಯಾಗದೆ ತೀರಿಕೊಂಡ ಅದೇ ಮೂರನೇ ಓಟೋ. ದ್ವೀಪದಲ್ಲಿ 16ನೇ ಶತಮಾನದಿಂದ ಒಂದು ಆಸ್ಪತ್ರೆ ನಡೆಯುತ್ತಿದೆ. ಇವತ್ತು ಇಲ್ಲಿನ ಆಂಬುಲೆನ್ಸುಗಳ ಮೇಲಿನ ನೀಲಿ ನಕ್ಷತ್ರದ ನಡುವೆಯೂ ಅದೇ ಕೋಲು, ಅದೇ ಹಾವು.

ಪೊಂಪೇಯಿಗೆ ಹೋದವರು ಮನೆಗಳ ದೇವರಗೂಡನ್ನು ತಪ್ಪದೆ ನೋಡಿ. ಕ್ರಿ.ಶ. 79ರಲ್ಲಿ ಬೂದಿಯಲ್ಲಿ ಮುಚ್ಚಿಹೋದ ಆ ಮನೆಗಳಲ್ಲಿ ಗೂಡಿನ ಕೆಳಗೆ ಗೋಡೆ ಮೇಲೆ ಹಾವು ಬರೆದಿರುತ್ತಾರೆ. ಕೆಲವಕ್ಕೆ ತಲೆಯ ಮೇಲೆ ಜುಟ್ಟೂ, ಗದ್ದಕ್ಕೆ ಗಡ್ಡವೂ ಇರುತ್ತದೆ. ಹಾವಿನ ಮುಂದೆ ಒಂದು ಬಲಿಪೀಠ, ಅದರ ಮೇಲೆ ಮೊಟ್ಟೆ, ಪೈನ್ ಕಾಯಿ. ಎಷ್ಟೋ ಮನೆಗಳಲ್ಲಿ ಇದು ಇರುವುದು ಅಡುಗೆಮನೆಯಲ್ಲಿ.

ಇಷ್ಟೆಲ್ಲ ಚಿತ್ರ, ಕಲ್ಲು, ಕಂಚು ಆಯಿತು. ಜೀವಂತ ಹಾವು ನೋಡಬೇಕಾದರೆ ಕೊಕುಲ್ಲೊಗೆ ಹೋಗಬೇಕು. ಅಬ್ರುಜ್ಜೊ ಪ್ರಾಂತ್ಯದ ಬೆಟ್ಟದ ಮೇಲಿನ ಪುಟ್ಟ ಊರು ಅದು, ಬರೀ ಇನ್ನೂರು ಚಿಲ್ಲರೆ ಜನ. ಮೇ 1ಕ್ಕೆ ಅಲ್ಲಿ, ಹಾವು ಕಡಿತದಿಂದ ಕಾಯುತ್ತಾನೆಂದು ಜನ ನಂಬುವ ಸಂತ ದೊಮೆನಿಕೊನ ಉತ್ಸವ. ಹಾವು ಹಿಡಿಯುವವರಿಗೆ ಅಲ್ಲಿ ಸೆರ್ಪಾರಿ ಎಂದು ಹೆಸರು. ಚಳಿ ಕಳೆದು ಹಾವು ಬಿಲದಿಂದ ಹೊರಬೀಳುವ ಮಾರ್ಚಿನಿಂದಲೇ ಅವರು ಬೆಟ್ಟ ಸುತ್ತುತ್ತಾರೆ. ಹಿಡಿಯುವುದು ವಿಷವಿಲ್ಲದ ಹಾವುಗಳನ್ನು ಮಾತ್ರ. ಅದರಲ್ಲಿ ಮುಖ್ಯ ಚೆರ್ವೋನೆ: ಕಂದು ಮೈ, ಉದ್ದಕ್ಕೂ ನಾಲ್ಕು ಕಪ್ಪು ಗೆರೆ, ಚೆನ್ನಾಗಿ ಬೆಳೆದದ್ದು ಎರಡು ಮೀಟರಿನ ಹತ್ತಿರ ಬರುತ್ತದೆ. ಅಸ್ಕ್ಲೇಪಿಯಸ್ ಹೆಸರು ಹೊತ್ತ ಹಾವೂ ಅವರ ಚೀಲದಲ್ಲಿ ಇರುತ್ತದೆ.

ಬೆಳಿಗ್ಗೆ ಚರ್ಚಿನೊಳಗೆ ಜನ ಅಲ್ಲಿ ತೂಗುವ ಗಂಟೆಯ ಸರಪಳಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಾರೆ. ವರ್ಷವಿಡೀ ಹಲ್ಲುನೋವು ಬರುವುದಿಲ್ಲ ಎಂಬ ನಂಬಿಕೆ. ಸಂತನ ಒಂದು ಹಲ್ಲು ಅಲ್ಲಿ ಕಾಪಿಟ್ಟಿದೆ. ಹೋಗುವಾಗ ಒಂದು ಹಿಡಿ ಮಣ್ಣನ್ನೂ ಒಯ್ಯುತ್ತಾರೆ, ಹೊಲಕ್ಕೆ ಹಾಕಲು. ಮಧ್ಯಾಹ್ನದ ಹೊತ್ತಿಗೆ ಮೂರ್ತಿ ಚರ್ಚಿನಿಂದ ಹೊರಗೆ ಬರುತ್ತದೆ, ಸೆರ್ಪಾರಿಗಳು ಹಾವುಗಳನ್ನು ಅದರ ಮೇಲೆ ಬಿಡುತ್ತಾರೆ. ಅವು ಕತ್ತು ಸುತ್ತುತ್ತವೆ, ತಲೆಯ ಹಿಂದಿನ ಪ್ರಭಾವಳಿ ಏರುತ್ತವೆ, ಕೈಯಿಂದ ಜೋತು ಬೀಳುತ್ತವೆ. ಮುಖಕ್ಕೆ ಅಡ್ಡ ಬಂದರೆ ಯಾರಾದರೂ ಮೆಲ್ಲಗೆ ಸರಿಸುತ್ತಾರೆ. ಬ್ಯಾಂಡು ಬಾರಿಸುತ್ತದೆ, ಮೂರ್ತಿ ಹೆಗಲ ಮೇಲೆ ಓಣಿ ಓಣಿ ತಿರುಗುತ್ತದೆ. ಶಾಲೆಗೆ ಹೋಗುವ ಮಕ್ಕಳು ಕತ್ತಿಗೆ ಹಾವು ಹಾಕಿಕೊಂಡು ಹಣ್ಣು ತಿನ್ನುತ್ತಾ ನಡೆಯುತ್ತಾರೆ.

ಒಬ್ಬ ಹಿರಿಯ ಸೆರ್ಪಾರೊ ನನ್ನ ಕೈಗೂ ಒಂದು ಚೆರ್ವೋನೆ ಕೊಟ್ಟರು. 'ಬಿಗಿ ಹಿಡೀಬೇಡಿ. ಅದಕ್ಕೆ ಎಲ್ಲಿ ಹೋಗ್ಬೇಕೋ ಅಲ್ಲಿಗೆ ಕೈ ಕೊಡ್ತಾ ಹೋಗಿ' ಎಂದರು. ಮೈ ಒಣಗಿತ್ತು, ಬಿಸಿಲಿಗೆ ಬೆಚ್ಚಗಾಗಿತ್ತು. ಬೆರಳ ಸಂದಿನಲ್ಲಿ ಹರಿಯುವಾಗ ಹೊಟ್ಟೆಯ ಒಂದೊಂದು ಹುರುಪೆಯೂ ಚರ್ಮಕ್ಕೆ ಹಿಡಿದು ಬಿಡುವುದು ತಿಳಿಯುತ್ತಿತ್ತು. ಎದೆ ಹೊಡೆದುಕೊಳ್ಳುತ್ತಿತ್ತು, ಆದರೂ ವಾಪಸ್ ಕೊಡಲು ಮನಸ್ಸು ಬರಲಿಲ್ಲ.

ಸಂತ ದೊಮೆನಿಕೊ ತೀರಿಕೊಂಡದ್ದು 1031ರಲ್ಲಿ. ಅದಕ್ಕೂ ಎಷ್ಟೋ ಮೊದಲು ಈ ಸೀಮೆಯಲ್ಲಿ ಮಾರ್ಸಿ ಎಂಬ ಜನ ಇದ್ದರು. ಹಾವಾಡಿಸುವುದರಲ್ಲಿ, ಹಾವು ಕಡಿತಕ್ಕೆ ಮದ್ದು ಮಾಡುವುದರಲ್ಲಿ ಅವರು ಹೆಸರುವಾಸಿ ಎಂದು ರೋಮನ್ ಲೇಖಕರು ಬರೆದಿದ್ದಾರೆ. ಅವರ ದೇವತೆ ಅಂಜಿತಿಯಾ. ಅವಳ ಹೆಸರಿನ ವನ ಇದ್ದದ್ದು ಫುಚಿನೊ ಕೆರೆಯ ದಡದಲ್ಲಿ. ಆ ಕೆರೆಯನ್ನು 19ನೇ ಶತಮಾನದಲ್ಲಿ ಬತ್ತಿಸಿದರು, ಈಗ ಅಲ್ಲೆಲ್ಲ ಹೊಲ. ಅಂಜಿತಿಯಾಳ ಪೂಜೆಯೇ ಹೆಸರು ಬದಲಿಸಿಕೊಂಡು ಕೊಕುಲ್ಲೊದಲ್ಲಿ ಉಳಿದಿದೆ ಎನ್ನುವವರು ಬಹಳ. ನಡುವೆ ಎಷ್ಟೋ ನೂರು ವರ್ಷಗಳ ಅಂತರವಿದೆ, ಹಾಗಾಗಿ ನಾನು ನೇರ ಗೆರೆ ಎಳೆಯುವುದಿಲ್ಲ. ಆದರೆ ಬೆಟ್ಟ ಅದೇ, ಕುರಿ ಕಾಯುವವರು ಅವರೇ, ಕಲ್ಲಿನ ಸಂದಿನಲ್ಲಿ ವಿಷದ ಮಂಡಲದ ಹಾವೂ ಅದೇ. ಅಂಥ ಕಡೆ ಹಾವಿನ ಜೊತೆ ಒಂದು ಒಪ್ಪಂದ ಬೇಕೇ ಬೇಕು. ಅದನ್ನು ದೇವತೆಯ ಮೂಲಕ ಮಾಡಿಕೊಂಡರೋ, ಸಂತನ ಮೂಲಕವೋ, ಬೇಕಾದದ್ದು ಒಂದೇ.

ಈಗ ಉತ್ಸವಕ್ಕೆ ಹಾವಿನ ತಜ್ಞರೂ ಬರುತ್ತಾರೆ. ಹಿಡಿದ ಹಾವುಗಳ ಉದ್ದ, ತೂಕ, ಆರೋಗ್ಯ ನೋಡಿ ಬರೆದುಕೊಳ್ಳುತ್ತಾರೆ. ಇಲ್ಲಿ ಹಾವು ಹಿಡಿಯಲು ಸರ್ಕಾರದ ಅನುಮತಿ ಬೇಕು, ಹಬ್ಬ ಮುಗಿದ ಮೇಲೆ ಹಿಡಿದ ಜಾಗಕ್ಕೇ ಒಯ್ದು ಬಿಡಬೇಕು. ನನಗೆ ಈ ಏರ್ಪಾಡು ತುಂಬ ಹಿಡಿಸಿತು. ಪೂಜೆಯ ಹೆಸರಿನಲ್ಲಿ ಹಾವಿಗೆ ಹಿಂಸೆ ಆಗಬಾರದು, ಹಾವಿನ ಹೆಸರಿನಲ್ಲಿ ಪೂಜೆಯೂ ನಿಲ್ಲಬಾರದು. ಎರಡನ್ನೂ ಅವರು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ.

ಯುರೋಪಿಗೆ ಬರುವವರು ಮೇ ಮೊದಲ ದಿನ ಇಟಲಿಯಲ್ಲಿ ಇರುವ ಹಾಗೆ ನೋಡಿಕೊಂಡರೆ ಒಳ್ಳೆಯದು. ರೋಮಿನಿಂದ ಪೆಸ್ಕಾರಾಗೆ ಹೋಗುವ ರೈಲು ಮಾರ್ಗದಲ್ಲೇ ಕೊಕುಲ್ಲೊ ನಿಲ್ದಾಣವಿದೆ. ಊರು ಚಿಕ್ಕದು, ಓಣಿಗಳು ಇಕ್ಕಟ್ಟು, ಆ ದಿನ ಜನ ಸಾವಿರಗಟ್ಟಲೆ. ಬೆಳಿಗ್ಗೆಯೇ ಹೋಗಿ ಚರ್ಚಿನ ಎದುರಿನ ಅಂಗಳದಲ್ಲಿ ಜಾಗ ಹಿಡಿಯಿರಿ. ಸೆರ್ಪಾರಿಗಳನ್ನು ಕೇಳಿದರೆ ಹಾವನ್ನು ಕೈಗೆ ಕೊಡುತ್ತಾರೆ, ಹಿಡಿಯುವುದನ್ನೂ ತೋರಿಸಿಕೊಡುತ್ತಾರೆ.