ಕೈಪಿಡಿಯನ್ನು ವರ್ಡ್‌ನಲ್ಲಿ ಬರೆದು ಪಿಡಿಎಫ್ ಮಾಡಿದರೆ ಸಾಲದೇ?

ನಾನು ಮುಕ್ತ ತಂತ್ರಾಂಶಗಳಿಗೆ ಕೈಪಿಡಿ ಬರೆಯುತ್ತೇನೆಂದು ತಿಳಿದವರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: ವರ್ಡ್‌ನಲ್ಲಿ ಅಚ್ಚುಕಟ್ಟಾಗಿ ಬರೆದು, ಪಿಡಿಎಫ್ ಮಾಡಿ ಜಾಲತಾಣಕ್ಕೆ ಏರಿಸಿದರೆ ಮುಗಿಯಿತಲ್ಲ, ಗಿಟ್ (ಕಡತಗಳ ಬದಲಾವಣೆಗಳನ್ನು ದಾಖಲಿಸುವ ಸಾಧನ), ಮಾರ್ಕ್‌ಡೌನ್ (ಸರಳ ಚಿಹ್ನೆಗಳಿಂದ ಪಠ್ಯವನ್ನು ರೂಪಿಸುವ ರೀತಿ), ಸ್ಫಿಂಕ್ಸ್ (ಸರಳ ಪಠ್ಯದಿಂದ ಕೈಪಿಡಿ ತಯಾರಿಸುವ ತಂತ್ರಾಂಶ) ಎಂದೆಲ್ಲ ಏಕೆ ಕಲಿಯಬೇಕು? ಕೇಳುವವರಲ್ಲಿ ಹೆಚ್ಚಿನವರು ಚೆನ್ನಾಗಿ ಬರೆಯಬಲ್ಲವರು, ಅವರು ಈ ಕೆಲಸಕ್ಕೆ ಬರಬೇಕೆಂಬ ಆಸೆ ನನಗಿದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಮೊದಮೊದಲು ನಾನೂ ಹಾಗೆಯೇ ಮಾಡುತ್ತಿದ್ದೆ. ಕಡತಗಳ ಬ್ಯಾಕಪ್ ತೆಗೆಯುವ ಸಣ್ಣದೊಂದು ತಂತ್ರಾಂಶಕ್ಕೆ ಕೈಪಿಡಿ ಬರೆದು ಪಿಡಿಎಫ್ ಆಗಿ ಪ್ರಕಟಿಸಿದ್ದೆ. ಅದರಲ್ಲಿ ‘ಕೀಪ್’ ಎಂಬ ಆಯ್ಕೆಯೊಂದಿತ್ತು. ‘ಕೀಪ್ 7’ ಎಂದು ಕೊಟ್ಟರೆ ಏಳು ದಿನಗಳ ಪ್ರತಿಗಳು ಉಳಿಯುತ್ತಿದ್ದವು. ಕೆಲವು ತಿಂಗಳ ನಂತರದ ಆವೃತ್ತಿಯಲ್ಲಿ ಅದರ ಅರ್ಥ ಬದಲಾಗಿ, ಏಳು ದಿನದ ಬದಲು ಏಳೇ ಪ್ರತಿಗಳು ಉಳಿಯತೊಡಗಿದವು. ದಿನಕ್ಕೆ ನಾಲ್ಕು ಸಲ ಬ್ಯಾಕಪ್ ತೆಗೆಯುತ್ತಿದ್ದ ಬಳಕೆದಾರರೊಬ್ಬರು ಹಿಂದಿನ ವಾರದ ಕಡತವೊಂದನ್ನು ಹುಡುಕಿದಾಗ ಅವರ ಬಳಿ ಎರಡು ದಿನಕ್ಕೂ ಸಾಲದಷ್ಟು ಪ್ರತಿಗಳಿದ್ದವು. ಅವರು ನನ್ನ ಕೈಪಿಡಿಯ ಪುಟವನ್ನು ಮುದ್ರಿಸಿಕೊಂಡು, ‘ಏಳು ದಿನ’ ಎಂಬಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು, ಅದರ ಚಿತ್ರವನ್ನು ಕಳುಹಿಸಿದ್ದರು. ಆಯ್ಕೆ ಬದಲಾದದ್ದೇ ನನಗೆ ತಿಳಿದಿರಲಿಲ್ಲ. ಕೋಡ್ ಒಂದು ಕಡೆ, ಕೈಪಿಡಿ ನನ್ನ ಲ್ಯಾಪ್‌ಟಾಪಿನಲ್ಲಿ. ಎರಡರ ನಡುವೆ ಯಾವ ಕೊಂಡಿಯೂ ಇರಲಿಲ್ಲ. ತಂತ್ರಾಂಶಗಳ ಕೋಡ್ ಇಡುವ ತಾಣವಾದ ಗಿಟ್‌ಹಬ್ 2017ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇ 93ರಷ್ಟು ಮಂದಿ, ಅಪೂರ್ಣವಾದ ಅಥವಾ ಹಳತಾದ ಡಾಕ್ಯುಮೆಂಟೇಶನ್ ತಾವು ಕಂಡ ಸಮಸ್ಯೆಯೆಂದು ಹೇಳಿದ್ದನ್ನು ಓದಿದಾಗ ನನಗೆ ಆ ಪೆನ್ಸಿಲ್ ಗೆರೆಯೇ ನೆನಪಾಯಿತು.

ಕೈಪಿಡಿಯು ಸರಳ ಪಠ್ಯದ ಕಡತವಾಗಿ, ಕೋಡ್ ಇರುವ ರೆಪಾಸಿಟರಿಯಲ್ಲೇ (ಗಿಟ್ ನೋಡಿಕೊಳ್ಳುವ ಕಡತಗಳ ಸಂಗ್ರಹದಲ್ಲೇ) ಇದ್ದರೆ, ಆಯ್ಕೆಯನ್ನು ಬದಲಿಸಿದವರೇ ಆ ಸಾಲನ್ನೂ ಅದೇ ಪುಲ್ ರಿಕ್ವೆಸ್ಟ್‌ನಲ್ಲಿ (ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂದು ಪರಿಶೀಲನೆಗೆ ಕಳುಹಿಸುವ ಕೋರಿಕೆಯಲ್ಲಿ) ತಿದ್ದಬಹುದು; ಅವರು ಮರೆತರೆ ಪರಿಶೀಲಿಸುವವರು ಕೇಳಬಹುದು. ಕೆಂಪು ಬಣ್ಣದಲ್ಲಿ ‘ಏಳು ದಿನ’, ಅದರ ಕೆಳಗೇ ಹಸಿರಿನಲ್ಲಿ ‘ಏಳು ಪ್ರತಿ’ ಎಂದು ಪರದೆಯ ಮೇಲೆ ಕಾಣುತ್ತದೆ. ವರ್ಡ್ ಕಡತ ಒಳಗೆ ಜಿಪ್ ಮಾಡಿದ ಪೊಟ್ಟಣವಾದ್ದರಿಂದ, ಏನೋ ಬದಲಾಗಿದೆ ಎಂಬುದನ್ನಷ್ಟೇ ಗಿಟ್ ಹೇಳಬಲ್ಲದು. ಇದು ಹೊಸ ಪದ್ಧತಿಯೂ ಅಲ್ಲ: 1971ರ ನವೆಂಬರಿನಲ್ಲಿ ಹೊರಬಂದ ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯ ಮೊದಲ ಕೈಪಿಡಿಯ ಕಾಲದಿಂದಲೂ ಮ್ಯಾನ್ ಪುಟಗಳನ್ನು (ಅದರ ಕೈಪಿಡಿಯ ಪುಟಗಳನ್ನು) ಸರಳ ಪಠ್ಯದಲ್ಲೇ ಬರೆಯುತ್ತ ಬಂದಿದ್ದಾರೆ. 2008ರಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೈಪಿಡಿಗಾಗಿ ರೂಪುಗೊಂಡ ಸ್ಫಿಂಕ್ಸ್, ಇಂಥ ಪಠ್ಯದಿಂದ ಜಾಲಪುಟಗಳನ್ನೂ ಪಿಡಿಎಫ್ ಅನ್ನೂ ತಾನೇ ತಯಾರಿಸುತ್ತದೆ, ಕೆಟ್ಟ ಕೊಂಡಿಗಳನ್ನು ಹುಡುಕಿ ಕೊಡುತ್ತದೆ, ಪುಟದಲ್ಲಿರುವ ಪೈಥಾನ್ ಉದಾಹರಣೆಗಳನ್ನು ಓಡಿಸಿ ಉತ್ತರ ಹೊಂದುತ್ತದೆಯೇ ಎಂದೂ ನೋಡುತ್ತದೆ. ಕೈಪಿಡಿಗಳನ್ನು ಪ್ರಕಟಿಸುವ ರೀಡ್ ದಿ ಡಾಕ್ಸ್‌ನಂಥ ತಾಣಗಳಲ್ಲಿ ಹಳೆಯ ಆವೃತ್ತಿಯ ಕೈಪಿಡಿ ಹಳೆಯ ಬಳಕೆದಾರರಿಗಾಗಿ ಬೇರೆಯಾಗಿಯೇ ಉಳಿಯುತ್ತದೆ.

ಎಲ್ಲ ಕೈಪಿಡಿಗಳೂ ಹೀಗೆಯೇ ಇರಬೇಕೆಂದು ನಾನು ಹೇಳಲಾರೆ. ಲಿಬ್ರೆಆಫೀಸ್ ಎಂಬ ಮುಕ್ತ ಕಚೇರಿ ತಂತ್ರಾಂಶದ ಸ್ವಯಂಸೇವಕರು ತಮ್ಮ ಮಾರ್ಗದರ್ಶಿಗಳನ್ನು ಅದರಲ್ಲಿರುವ, ವರ್ಡ್‌ನಂಥ ರೈಟರ್‌ನಲ್ಲೇ ಬರೆದು ಪಿಡಿಎಫ್ ಆಗಿಯೂ ಕೊಡುತ್ತಾರೆ. ಪುಸ್ತಕದಂತೆ ಓದುವ ಬಳಕೆದಾರರಿಗೆ, ಬರೆಯುವವರಿಗೆ ಕರಗತವಾದ ಸಾಧನದಿಂದಲೇ ತಯಾರಾಗುವ ಆ ಪುಸ್ತಕಗಳು ಸೊಗಸಾಗಿವೆ. ಕಲಿಯುವ ಭಾರವೂ ನೀವು ಅಂದುಕೊಂಡಷ್ಟಿಲ್ಲ: ಮಾರ್ಕ್‌ಡೌನ್ ಒಂದು ಸಂಜೆಯ ಕೆಲಸ, ಸಣ್ಣ ತಿದ್ದುಪಡಿಯನ್ನು ಬ್ರೌಸರಿನಲ್ಲೇ ಮಾಡಿ ಕಳುಹಿಸಬಹುದು.

ಕನ್ನಡಕ್ಕೆ ಅನುವಾದಿಸುವಾಗ ಈ ಪದ್ಧತಿಯ ಬೆಲೆ ನನಗೆ ಇನ್ನಷ್ಟು ಅರಿವಾಗಿದೆ. ಸ್ಫಿಂಕ್ಸ್ ಮೂಲ ಪಠ್ಯವನ್ನು ಪ್ಯಾರಾ ಪ್ಯಾರಾವಾಗಿ ಬಿಡಿಸಿಕೊಡುತ್ತದೆ, ನಾವು ಅದರಿಂದ ಪಿಒ ಕಡತ (ಮೂಲ ಮತ್ತು ಅನುವಾದ ಜೋಡಿಯಾಗಿ ಇರುವ ಕಡತ) ಮಾಡಿಕೊಂಡು ಪ್ರತಿ ಪ್ಯಾರಾದ ಕೆಳಗೆ ಕನ್ನಡವನ್ನು ತುಂಬುತ್ತೇವೆ. ಮುಂದೆ ಮೂಲದಲ್ಲಿ ‘ದಿನ’ ಹೋಗಿ ‘ಪ್ರತಿ’ ಬಂದಾಗ, ಕಡತವನ್ನು ಹೊಸದಾಗಿ ಹೊಂದಿಸಿದೊಡನೆ ಆ ಪ್ಯಾರಾದ ಕನ್ನಡದ ಮೇಲೆ ‘ಫಜಿ’ (ಮತ್ತೆ ನೋಡಬೇಕು) ಎಂಬ ಗುರುತು ಬೀಳುತ್ತದೆ. ನಾವು ಅದನ್ನು ತಿದ್ದಿ ಗುರುತು ತೆಗೆಯುವವರೆಗೆ ಓದುಗರಿಗೆ ಅಲ್ಲಿ ಇಂಗ್ಲಿಷ್ ಮೂಲವೇ ಕಾಣುತ್ತದೆ, ಹಳೆಯ ‘ಏಳು ದಿನ’ ಕಾಣುವುದಿಲ್ಲ.