ಕಣ್ಣು ಬಿಟ್ಟ ಸೀತಾಫಲ

ಚಿತ್ರದುರ್ಗ
22 ಸೆಪ್ಟೆಂಬರ್ 2024, ಭಾನುವಾರ

ಬೆಳಿಗ್ಗೆ ಕಾಫಿಗೆ ನೀರಿಡಲು ಹೋದಾಗ ಅಡುಗೆಮನೆಯ ತುಂಬ ಪರಿಮಳ. ಗುರುವಾರ ಕಿತ್ತು ಅಕ್ಕಿ ಡಬ್ಬಿಯಲ್ಲಿ ಅಡೆ ಹಾಕಿದ್ದ ಮೂರು ಸೀತಾಫಲಗಳಲ್ಲಿ ದೊಡ್ಡದನ್ನು ಹೆಬ್ಬೆರಳಿನಿಂದ ಒತ್ತಿದೆ. ಮೆತ್ತಗಾಗಿತ್ತು. ತೊಟ್ಟು ಹಿಡಿದೊಡನೆ ಕಳಚಿ ಕೈಗೆ ಬಂತು. ತಕ್ಕಡಿಯಲ್ಲಿಟ್ಟರೆ 310 ಗ್ರಾಂ. ಅತ್ತೆ ಸ್ನಾನ ಮುಗಿಸಿ ಬರುವವರೆಗೆ ಹಣ್ಣನ್ನು ತಟ್ಟೆಯಲ್ಲಿಟ್ಟುಕೊಂಡು ನೋಡುತ್ತಾ ಕುಳಿತಿದ್ದೆ. ಸುತ್ತಲೂ ಒಂದೇ ಸಮನೆ ದುಂಡಗಿದೆ, ಎಲ್ಲಿಯೂ ತಗ್ಗಿಲ್ಲ, ಸೊಟ್ಟವಿಲ್ಲ. ಮೂರು ವರ್ಷ ನಾನು ಕಾದದ್ದು ಈ ದುಂಡು ಆಕಾರಕ್ಕಾಗಿಯೇ.

ನಮ್ಮ ದುರ್ಗದಲ್ಲಿ ಸೀತಾಫಲಕ್ಕೆ ಬರವಿಲ್ಲ. ಜೋಗಿಮಟ್ಟಿ ಕಾಡಿನಲ್ಲಿ, ಕೋಟೆಯ ಬಂಡೆಗಳ ಸಂದಿಯಲ್ಲಿ ಯಾರೂ ನೆಡದೆ, ಯಾರೂ ನೀರು ಹಾಕದೆ ಬೆಳೆಯುತ್ತದೆ. ಮಳೆಗಾಲ ಮುಗಿಯುತ್ತ ಬಂದಾಗ ಹೆಂಗಸರು ಬುಟ್ಟಿಗಳಲ್ಲಿ ಹೊತ್ತು ತಂದು ಗುಡ್ಡೆ ಲೆಕ್ಕದಲ್ಲಿ ಮಾರುತ್ತಾರೆ. 2018ರಲ್ಲಿ ಹಾಗೆ ಸಂತೆಹೊಂಡದ ಬಳಿ ಕೊಂಡ ಹಣ್ಣಿನ ಬೀಜವೇ ಈ ಮರ. ಎರಡು ದಿನ ನೆನೆಸಿ ಹಾಲಿನ ಖಾಲಿ ಪ್ಯಾಕೆಟ್‌ಗಳಲ್ಲಿ ಹಾಕಿದ್ದೆ. ಒಂದು ತಿಂಗಳಾದರೂ ಮೊಳಕೆಯ ಸುಳಿವಿರಲಿಲ್ಲ. ಚೆಲ್ಲಿಬಿಡೋಣ ಎಂದುಕೊಂಡ ವಾರದಲ್ಲಿ, ನಲವತ್ತನೆಯ ದಿನ, ಎರಡು ಸಸಿ ತಲೆ ಎತ್ತಿದವು. ಮರುವರ್ಷದ ಮಳೆಗಾಲದಲ್ಲಿ ಹಿತ್ತಲಲ್ಲಿ ಎರಡು ಅಡಿ ಗುಂಡಿ ತೋಡಿಸಿದೆ. ಮುಕ್ಕಾಲು ಅಡಿಗೇ ಗರಸು ಸಿಕ್ಕಿತು. ಗುಂಡಿ ತೋಡಿದವರು, 'ಇದರಲ್ಲಿ ಏನು ಬೆಳೆಯುತ್ತದಮ್ಮಾ' ಎಂದರು. ಸೀತಾಫಲಕ್ಕೆ ಬೇಕಾದದ್ದು ಅಂಥದೇ ನೆಲ, ನೀರು ನಿಲ್ಲದ ನೆಲ ಎಂಬುದು ಆಮೇಲೆ ನಮಗೆ ತಿಳಿಯಿತು.

ತಿಳಿದದ್ದು ಪರಂಗಿ ಗಿಡದಿಂದ. 2022ರ ಮಳೆ ನೆನಪಿಲ್ಲದವರು ಈ ಜಿಲ್ಲೆಯಲ್ಲಿ ಇರಲಾರರು. ಆ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದಿತು. ಊರಿಗೆ ಊರೇ ಮಾರಿಕಣಿವೆಗೆ ಬಾಗಿನದ ಹುರುಪಿನಲ್ಲಿ ಹೊರಟಿದ್ದಾಗ ನಮ್ಮ ಹಿತ್ತಲಿನ ತಗ್ಗಿನಲ್ಲಿ ಎರಡು ದಿನ ನೀರು ನಿಂತಿತು. ಕಾಯಿ ತುಂಬಿಕೊಂಡಿದ್ದ ಪರಂಗಿ ಗಿಡದ ಎಲೆಗಳು ಮೂರನೆಯ ದಿನ ಜೋತುಬಿದ್ದವು, ವಾರದಲ್ಲಿ ಬುಡ ಕೊಳೆತು ಗಿಡವೇ ಮಲಗಿತು. ಪರಂಗಿಯ ಬೇರು ಒಂದೆರಡು ದಿನ ನೀರಿನಲ್ಲಿ ನಿಂತರೂ ಉಸಿರು ಕಟ್ಟಿ ಸಾಯುತ್ತದೆ. ಮರುವರ್ಷ ಅದಕ್ಕೆ ತದ್ವಿರುದ್ಧ. 2023ರಲ್ಲಿ ಮುಂಗಾರು ಕೈಕೊಟ್ಟಿತು, ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರದ ಪಟ್ಟಿ ಸೇರಿದವು. ಬೋರ್ ನೀರು ಎರಡು ದಿನಕ್ಕೊಮ್ಮೆ ಬರುವಷ್ಟಾಯಿತು, ಬಂದದ್ದೂ ಗಡಸು ನೀರು, ಮಣ್ಣಿನ ಮೇಲೆ ಬಿಳಿಯ ಪೊರೆ ಕಟ್ಟುವಂಥದು. ಏಲಕ್ಕಿಬಾಳೆಯ ಮೂರು ಕಂದುಗಳೂ ಒಣಗಿದವು. ಬಸಳೆಯ ಚಪ್ಪರ ಬರಿದಾಯಿತು. ನುಗ್ಗೆ, ಕರಿಬೇವು, ಕುಂಡದಲ್ಲಿದ್ದ ದೊಡ್ಡಪತ್ರೆ ಉಳಿದವು. ಮತ್ತೆ ಉಳಿದದ್ದು ಈ ಮರ. ಅಕ್ಕಿ ತೊಳೆದ ನೀರು ಬಿಟ್ಟರೆ ಅದಕ್ಕೆ ಬೇರೇನೂ ಸಿಗಲಿಲ್ಲ. ಬುಡಕ್ಕೆ ಮಾತ್ರ ಚಳ್ಳಕೆರೆಯ ಎಣ್ಣೆ ಗಿರಣಿಯಿಂದ ತರಿಸಿದ ಎರಡು ಚೀಲ ಶೇಂಗಾ ಸಿಪ್ಪೆ ಹೊದಿಸಿದ್ದೆ.

ಈ ವರ್ಷ ಫೆಬ್ರುವರಿ ಹೊತ್ತಿಗೆ ಎಲೆಯೆಲ್ಲ ಉದುರಿ ಕಡ್ಡಿಗಳಷ್ಟೇ ನಿಂತಿದ್ದವು. ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ, 'ಸತ್ತುಹೋಗಿದೆ, ಕಡಿಸಿಬಿಡಿ. ಇದ್ದಾಗಲಾದರೂ ಏನು ಬಿಟ್ಟಿತು, ಗೊಡ್ಡು ಮರ' ಎಂದರು. ನನಗೆ ಆ ಮಾತು ಎದೆಗೆ ಚುಚ್ಚಿತು. ಮರಕ್ಕಾಗಲಿ ಮನುಷ್ಯರಿಗಾಗಲಿ ಆ ಪದ ಬಳಸುವುದನ್ನು ನಾನು ಸಹಿಸಲಾರೆ. ಶಾಲೆಯಲ್ಲಿ ಮಕ್ಕಳ ಬಾಯಲ್ಲಿ ಬಂದರೂ ತಿದ್ದುತ್ತೇನೆ. ಆದರೆ ಅವರಿಗೆ ಉತ್ತರ ಹೇಳಲು ನನ್ನಲ್ಲಿಯೂ ಏನೂ ಇರಲಿಲ್ಲ. 2021ರಿಂದ ಪ್ರತಿವರ್ಷ ಮರದ ತುಂಬ ಹೂವು. ಕಾಯಿ ಎಂದರೆ ಒಂದೋ ಎರಡೋ, ಅವೂ ಒಂದು ಪಕ್ಕ ಉಬ್ಬಿ ಇನ್ನೊಂದು ಪಕ್ಕ ಕುಗ್ಗಿದವು. ಒಂದೆರಡು ಕಪ್ಪಾಗಿ ಕಲ್ಲಿನಂತೆ ಒಣಗಿ ಕೊಂಬೆಯಲ್ಲೇ ನೇತಾಡುತ್ತಿದ್ದವು.

ಹಿರಿಯೂರಿನಲ್ಲಿರುವ ನನ್ನ ತಂಗಿ ತೋಟಗಾರಿಕೆ ಓದಿದವಳು. ಅಂದು ರಾತ್ರಿ ಅವಳಿಗೆ ಫೋನ್ ಮಾಡಿದೆ.

'ಎಲೆ ಉದುರಿದ್ದು ಒಳ್ಳೆಯದೇ ಆಯಿತು ಅಕ್ಕ. ಹೋದ ವರ್ಷಗಳಲ್ಲಿ ಚಳಿಗಾಲದಲ್ಲೂ ದಿನಾ ನೀರು ಹಾಕುತ್ತಿದ್ದೆಯಲ್ಲ, ಅದಕ್ಕೇ ಹಳೆಯ ಎಲೆ ಬೀಳುತ್ತಿರಲಿಲ್ಲ' ಎಂದಳು. ಸೀತಾಫಲದ ಹೊಸ ಚಿಗುರಿನ ಮೊಗ್ಗು ಎಲೆತೊಟ್ಟಿನ ಬುಡದ ಒಳಗೇ ಮುಚ್ಚಿಕೊಂಡಿರುತ್ತದಂತೆ. ಹಳೆಯ ಎಲೆ ಬಿದ್ದ ಮೇಲೆಯೇ ಅದಕ್ಕೆ ಹೊರಗೆ ಬರಲು ದಾರಿ. ಹೊಸ ಚಿಗುರಿನ ಜೊತೆಗೇ ಹೂವು. ಮರುದಿನ ಬೆಳಿಗ್ಗೆ ಕಡ್ಡಿಯೊಂದನ್ನು ಉಗುರಿನಿಂದ ಕೆರೆದು ನೋಡಿದೆ, ಒಳಗೆ ಹಸಿರು. ಎಲೆ ಬಿದ್ದ ಗಾಯದ ನಡುವೆ ಸಾಸಿವೆಯಷ್ಟು ಮೊಗ್ಗು. ಅಷ್ಟು ಹತ್ತಿರದಿಂದ ಆ ಮರವನ್ನು ನಾನು ಅದುವರೆಗೆ ನೋಡಿರಲೇ ಇಲ್ಲ.

'ಮರ ಚೆನ್ನಾಗಿದೆ. ಹೂವನ್ನು ನೀನು ಯಾವ ಹೊತ್ತಿಗೆ ನೋಡುತ್ತೀಯ?' ಎಂದು ತಂಗಿ ಕೇಳಿದ್ದಳು.

'ಶಾಲೆಯಿಂದ ಬಂದ ಮೇಲೆ, ಸಂಜೆ.'

'ಬೆಳಿಗ್ಗೆ ಆರಕ್ಕೆ ನೋಡು.'

ಭರಣಿ ಮಳೆಗೆ ಚಿಗುರು ಬಂತು, ಮೇ ತಿಂಗಳಲ್ಲಿ ಹೂವು. ಸೀತಾಫಲದ ಹೂವು ನೋಡಿದರೆ ಹೂವೆನಿಸುವುದಿಲ್ಲ. ಹಸಿರು ಬಣ್ಣದ ಮೂರು ದಪ್ಪ ಎಸಳುಗಳು, ಒಂದಂಗುಲ ಉದ್ದ, ತಲೆ ಕೆಳಗಾಗಿ ನೇತಾಡುತ್ತವೆ. ಎಸಳು ಸ್ವಲ್ಪವೇ ಬಿರಿದಾಗ ಅದು ಹೆಣ್ಣು ಹೂವು. ಒಳಗೆ ಅಂಟಂಟಾದ ಮಿರುಗು ಕಾಣುತ್ತದೆ, ಪರಾಗ ಅಲ್ಲಿಗೆ ತಲುಪಬೇಕು. ಅದೇ ಹೂವು ಆಮೇಲೆ ಎಸಳುಗಳನ್ನು ಪೂರ್ತಿ ಅಗಲಿಸಿ ಗಂಡಾಗುತ್ತದೆ, ನಸುಕಿನಲ್ಲಿ ಪರಾಗ ಉದುರಿಸುತ್ತದೆ. ಅಷ್ಟರಲ್ಲಿ ಅದರ ಅಂಟು ಆರಿಹೋಗಿರುತ್ತದೆ. ಹಾಗಾಗಿ ತನ್ನ ಪರಾಗ ತನಗೆ ಉಪಯೋಗವಿಲ್ಲ, ಒಂದು ಹೂವಿನದನ್ನು ಇನ್ನೊಂದಕ್ಕೆ ಯಾರಾದರೂ ಮುಟ್ಟಿಸಬೇಕು. ಜೇನು ಈ ಕೆಲಸಕ್ಕೆ ಬರುವುದಿಲ್ಲ. ಎಳ್ಳಿನಷ್ಟು ಸಣ್ಣ ದುಂಬಿಗಳು ಬರುತ್ತವೆ, ಹುಳಿತ ಹಣ್ಣಿನ ವಾಸನೆ ಹಿಡಿದು ಬರುವಂಥವು. ಜೋಗಿಮಟ್ಟಿಯಲ್ಲಿ ಬಿದ್ದ ಹಣ್ಣು ಬಿದ್ದಲ್ಲೇ ಕೊಳೆಯುತ್ತದೆ. ನಾನು ದಿನವೂ ಹಿತ್ತಲು ಗುಡಿಸಿ ಒಂದು ಎಲೆ ಬೀಳದಂತೆ ಇಟ್ಟುಕೊಂಡಿದ್ದೆ. ಅದರ ಮೇಲೆ ನಮ್ಮ ಊರಿನ ಏಪ್ರಿಲ್, ಮೇ ತಿಂಗಳ ಒಣ ಗಾಳಿ. ಅಂಟು ಬೇಗ ಒಣಗುತ್ತದೆ, ಹೂವು ಸುಮ್ಮನೆ ಉದುರುತ್ತದೆ. ಅದಕ್ಕೇ ತಂಗಿ ಒಂದು ಒಳ್ಳೆಯ ಮಳೆಗೆ ಕಾಯಲು ಹೇಳಿದ್ದಳು.

ಜೂನ್ 2, ಅದೂ ಭಾನುವಾರವೇ. ಹಿಂದಿನ ರಾತ್ರಿ ರೋಹಿಣಿ ಮಳೆ ಬಿದ್ದಿತ್ತು, ಗಾಳಿಯಲ್ಲಿ ತೇವವಿತ್ತು. ಐದೂವರೆಗೆ ಎದ್ದೆ. ಪೂರ್ತಿ ತೆರೆದಿದ್ದ ಹೂವುಗಳನ್ನು ಖಾಲಿ ಕುಂಕುಮದ ಭರಣಿಯ ಮೇಲೆ ಹಿಡಿದು ಮೆಲ್ಲಗೆ ತಟ್ಟಿದೆ. ಕೆನೆಬಣ್ಣದ ಪುಡಿ ತಳದಲ್ಲಿ ಬಿತ್ತು, ಒಂದು ಚಿಟಿಕೆಯೂ ಇಲ್ಲ. ಮಗಳ ಚಿತ್ರಕಲೆಯ ಅತಿ ಸಣ್ಣ ಕುಂಚವನ್ನು ಅದರಲ್ಲಿ ಅದ್ದಿ, ಅರೆಬಿರಿದ ಹೂವಿನ ಎಸಳನ್ನು ಎಡಗೈಯಿಂದ ಸರಿಸಿ ಒಳಗೆ ಸುತ್ತಲೂ ಸವರಿದೆ. ಸುತ್ತಲೂ ಎಂಬುದು ಮುಖ್ಯ. ಹೂವಿನೊಳಗಿನ ಪುಟ್ಟ ಪುಟ್ಟ ಅಂಡಾಶಯಗಳೇ ಮುಂದೆ ಹಣ್ಣಿನ ಒಂದೊಂದು ಕಣ್ಣಾಗುತ್ತವೆ, ಪರಾಗ ಮುಟ್ಟದ ಕಡೆ ಕಣ್ಣು ಸರಿಯಾಗಿ ತುಂಬಿಕೊಳ್ಳುವುದಿಲ್ಲ. ನಮ್ಮ ಮರದ ಸೊಟ್ಟ ಹಣ್ಣುಗಳ ಕಥೆ ಅದೇ. ಹದಿನಾಲ್ಕು ಹೂವು ಮುಗಿಸುವಷ್ಟರಲ್ಲಿ ಏಳು ಗಂಟೆ, ಬೆನ್ನು ನೋಯುತ್ತಿತ್ತು. ಪ್ರತಿ ತೊಟ್ಟಿಗೂ ಕೆಂಪು ನೂಲು ಕಟ್ಟಿದೆ. ಅತ್ತೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು, ಒಂದು ಮಾತೂ ಆಡಲಿಲ್ಲ. ಸಂಜೆ ಮರದ ಬುಡದಲ್ಲಿ ಕೊಳೆತ ಬಾಳೆಹಣ್ಣಿನ ಸಿಪ್ಪೆಯ ರಾಶಿ ಕಂಡಿತು. ದುಂಬಿಯ ವಿಷಯ ಊಟದ ಹೊತ್ತಿನಲ್ಲಿ ಹೇಳಿದ್ದೆ, ಅವರು ಅದನ್ನು ಕೇಳಿಸಿಕೊಂಡಿದ್ದರು.

ಹದಿನಾಲ್ಕರಲ್ಲಿ ಒಂಬತ್ತು ಹೂವು ಕಾಯಿ ಕಚ್ಚಿದವು. ಎರಡು ಉದುರಿದವು. ಆಗಸ್ಟ್‌ನಲ್ಲಿ ಹಿಟ್ಟು ತಿಗಣೆ ಹತ್ತಿತು, ಇರುವೆಗಳು ಅವನ್ನು ಹೊತ್ತು ತರುತ್ತಿದ್ದವು. ಕಾಂಡಕ್ಕೆ ಬಟ್ಟೆ ಸುತ್ತಿ ಗ್ರೀಸ್ ಬಳಿದು, ಬೇವಿನೆಣ್ಣೆಯನ್ನು ಸೋಪಿನ ನೀರಿನಲ್ಲಿ ಕದಡಿ ಸಿಂಪಡಿಸಿದ ಮೇಲೆ ತಹಬದಿಗೆ ಬಂತು. ಅಳಿಲಿಗೆ ಹೆದರಿ ಹಳೆಯ ಸೊಳ್ಳೆಪರದೆ ಕತ್ತರಿಸಿ ಏಳು ಚೀಲ ಹೊಲಿದೆ. ಹೋದ ವಾರ ಮೂರು ಕಾಯಿಗಳು ಕಣ್ಣು ಬಿಡಲು ಶುರುಮಾಡಿದವು. ಕಣ್ಣುಗಳ ನಡುವಿನ ಗೆರೆ ಅಗಲವಾಗಿ ಹಳದಿ ಮಿಶ್ರಿತ ಬಿಳಿಗೆ ತಿರುಗಿದರೆ ಕೀಳುವ ಹೊತ್ತು. ಆಮೇಲೂ ಮರದಲ್ಲಿ ಬಿಟ್ಟರೆ ಬಾಯಿ ಬಿಡುತ್ತದೆ, ಹಕ್ಕಿಯ ಪಾಲಾಗುತ್ತದೆ. ಗುರುವಾರ ಕಿತ್ತಾಗ 109 ದಿನ ಆಗಿತ್ತು. ಹಣ್ಣಾಗುವ ಮೊದಲೇ ಫ್ರಿಜ್‌ನಲ್ಲಿ ಇಡಬಾರದು. ಸಿಪ್ಪೆ ಕಪ್ಪಾಗಿ ಒಳಗೆ ಸಪ್ಪೆಯಾಗುತ್ತದೆ.

ಅತ್ತೆ ಬಂದು ಕುಳಿತರು. ಹಣ್ಣನ್ನು ಎರಡು ಹೋಳು ಮಾಡಿ ದೊಡ್ಡ ಹೋಳನ್ನು ಅವರ ಮುಂದಿಟ್ಟೆ. ಅವರು ಮೊಳಕಾಲ್ಮೂರು ಕಡೆಯವರು, ಜಟಾಯು ಬಿದ್ದ ಜಾಗವೆಂದು ಜನ ನಂಬುವ ಜಟಿಂಗರಾಮೇಶ್ವರ ಬೆಟ್ಟವನ್ನು ದಿನವೂ ನೋಡುತ್ತ ಬೆಳೆದವರು. ಸೀತೆ ವನವಾಸದಲ್ಲಿ ತಿಂದದ್ದಕ್ಕೇ ಈ ಹೆಸರು ಎಂದು ನಂಬಿದ್ದಾರೆ. ಈ ಮರ ಅಮೆರಿಕ ಖಂಡದ ಬಿಸಿ ನಾಡುಗಳದು, ಪೋರ್ಚುಗೀಸರ ಕಾಲದಲ್ಲಿ ಕಡಲು ದಾಟಿ ಬಂದದ್ದು ಎಂದು ಒಮ್ಮೆ ಹೇಳಿದ್ದೆ. ಪರಂಗಿಯೂ ಅದೇ ದಾರಿಯಲ್ಲಿ ಬಂತು, ಪರಂಗಿಯವರ ಹಣ್ಣೆಂದೇ ಅದರ ಹೆಸರು ಉಳಿಯಿತು. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, 'ಹೊರಗಿನಿಂದ ಬಂದ ಮಗುವಿಗೆ ನಮ್ಮ ಹೆಣ್ಣುಮಗಳ ಹೆಸರಿಟ್ಟಿದ್ದಾರೆ ಅನ್ನು' ಎಂದಿದ್ದರು. ನಾನು ಓದಿದ ಯಾವ ವಿವರಣೆಯೂ ನನಗೆ ಅಷ್ಟು ಹಿಡಿಸಿಲ್ಲ.

ಇಂದು ಅವರು ಮೊದಲ ತೊಳೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಮರಳು ಮರಳಾದ ಸಿಹಿ, ಸಿಪ್ಪೆಗೆ ಅಂಟಿದ ಭಾಗದಲ್ಲಿ ಸಕ್ಕರೆಯ ಹರಳು ಕಡಿದಂತೆ. 'ಕಾಡಿನ ಹಣ್ಣಿನಷ್ಟೇ ರುಚಿ ಇದೆಯಮ್ಮಾ' ಎಂದರು. ಕಾಡಿನ ಹಣ್ಣು ತಿಂದು ಬೆಳೆದವರ ಬಾಯಿಂದ ಅದಕ್ಕಿಂತ ದೊಡ್ಡ ಮಾತು ಬರಲಾರದು.

ಮಗಳು ಒಂದು ಬೀಜ ಕಡಿಯಲು ಹೋದಾಗ ಇಬ್ಬರೂ ಒಟ್ಟಿಗೆ ತಡೆದೆವು. ಬೀಜ ವಿಷ. ಅತ್ತೆಯ ಕಾಲದಲ್ಲಿ ಅದನ್ನು ಅರೆದು ಹೇನಿಗೆ ತಲೆಗೆ ಹಚ್ಚುತ್ತಿದ್ದರಂತೆ, ಕಣ್ಣಿಗೆ ಇಳಿಯದಂತೆ ಹಣೆಗೆ ಬಟ್ಟೆ ಬಿಗಿದು. ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ, ಈಗ ಯಾರೂ ಹಾಗೆ ಮಾಡಬಾರದು. ಇದೇ ಕುಲದ ಲಕ್ಷ್ಮಣಫಲದ ಎಲೆಯ ಕಷಾಯ ಕ್ಯಾನ್ಸರ್ ವಾಸಿ ಮಾಡುತ್ತದೆ ಎಂಬ ಸಂದೇಶ ಮೊಬೈಲ್‌ನಲ್ಲಿ ತಿಂಗಳಿಗೊಮ್ಮೆ ಬರುತ್ತದೆ. ಹೋದ ತಿಂಗಳು ಒಬ್ಬರು ಎಲೆ ಕೇಳಿಕೊಂಡು ಮನೆಗೇ ಬಂದಿದ್ದರು. ಆ ಮಾತಿಗೆ ವೈದ್ಯಕೀಯ ಆಧಾರವಿಲ್ಲ. ಕೆರಿಬಿಯನ್‌ನ ಗ್ವಾಡೆಲೂಪ್ ದ್ವೀಪದಲ್ಲಿ ಆ ಹಣ್ಣನ್ನೂ ಎಲೆಯ ಚಹಾವನ್ನೂ ಹೆಚ್ಚಾಗಿ ಬಳಸುವವರಲ್ಲಿ ಪಾರ್ಕಿನ್ಸನ್‌ನಂಥ ನರರೋಗದ ನಂಟನ್ನು 1999ರಲ್ಲೇ ವೈದ್ಯರು ಗುರುತಿಸಿದ್ದಾರೆ. ಬಂದವರನ್ನು ಕೂರಿಸಿ, ಆಸ್ಪತ್ರೆಯ ಚಿಕಿತ್ಸೆ ನಿಲ್ಲಿಸಬೇಡಿ ಎಂದು ಕೈಮುಗಿದು ಹೇಳಿ ಕಳುಹಿಸಿದೆ. ಮನೆಯಲ್ಲಿ ಬೆಳೆದದ್ದೆಲ್ಲ ಔಷಧಿ ಎಂದು ನಂಬಿಸುವವರ ಮೇಲೆ ನನಗೆ ನಿಜವಾಗಿಯೂ ಕೋಪವಿದೆ.

ಮಧ್ಯಾಹ್ನ ಎರಡನೆಯ ಹಣ್ಣೂ ಮೆತ್ತಗಾಗಿತ್ತು. ಅದನ್ನು ತಟ್ಟೆಯಲ್ಲಿಟ್ಟು ಪಕ್ಕದ ಮನೆಗೆ ಕೊಟ್ಟು ಬಂದೆ. 'ಎಲ್ಲಿ ಕೊಂಡಿರಿ?' ಎಂದು ಕೇಳಿದರು. ಕಾಂಪೌಂಡಿನ ಮೇಲಿನಿಂದ ಕಾಣುವ ಕೊಂಬೆಯನ್ನು ತೋರಿಸಿದೆ. ಪರದೆ ಚೀಲದೊಳಗಿನ ನಾಲ್ಕು ಕಾಯಿಗಳನ್ನು ಅವರು ಎಣಿಸಿದರು. ಆಮೇಲೆ ಕುಂಚ ಯಾವುದು, ಎಷ್ಟು ಹೊತ್ತಿಗೆ ಮಾಡಬೇಕು ಎಂದೆಲ್ಲ ವಿಚಾರಿಸಿದರು. ಅವರ ಮನೆಯ ಹಿಂದೆಯೂ ಒಂದು ಗಿಡವಿದೆಯಂತೆ, ನನಗೆ ಗೊತ್ತೇ ಇರಲಿಲ್ಲ.

ಸಂಜೆ ಉತ್ತರೆ ಮಳೆ ಹನಿಯಿತು. ಅತ್ತೆ ಬೀಜಗಳನ್ನು ತೊಳೆದು ಒರೆಸಿ ಕುಂಕುಮದ ಅದೇ ಭರಣಿಯಲ್ಲಿ ಹಾಕಿ, ಮೊಮ್ಮಗಳ ಕೈಗೆ ಸಿಗದಂತೆ ಮೇಲಿನ ಗೂಡಿನಲ್ಲಿಟ್ಟಿದ್ದಾರೆ. ಎಣಿಸಿದ್ದಾರೆ ಕೂಡ, ನಲವತ್ತೊಂದು. ಡಬ್ಬಿಯಲ್ಲಿರುವ ಮೂರನೆಯ ಹಣ್ಣು ಇನ್ನೂ ಗಟ್ಟಿ. ಮಂಗಳವಾರ ಇನ್ನೊಮ್ಮೆ ಒತ್ತಿ ನೋಡಬೇಕು, ತಂಗಿ ಅಂದು ಬರುತ್ತೇನೆ ಎಂದಿದ್ದಾಳೆ.