ವಿಷದ ಸಾವು: ಬಾಟಲಿಯಲ್ಲೇ ಹಾಳಾಗುವ ಸಾಕ್ಷ್ಯ

ವಿಧಿವೈದ್ಯಶಾಸ್ತ್ರದ ಎಂಡಿಗೆ ಎಂಬಿಬಿಎಸ್ ನಂತರ 3 ವರ್ಷ. ಆದರೆ ಎಂಬಿಬಿಎಸ್ ಮುಗಿಸಿದ ಸರ್ಕಾರಿ ವೈದ್ಯರೂ ಮರಣೋತ್ತರ ಪರೀಕ್ಷೆ ಮಾಡುತ್ತಾರೆ, ಅವರಿಗಾಗಿಯೇ ಈ ಮಾತು.

ಪೊಲೀಸರ ಪಂಚನಾಮೆ ಓದದೆ ದೇಹ ಮುಟ್ಟಬೇಡಿ. ವಿಷದ ಶಂಕೆಯಿದ್ದರೆ ಪ್ರಯೋಗಾಲಯಕ್ಕೆ ಕಳಿಸಲು ಒಂದು ಬಾಟಲಿಗೆ ಜಠರ, ಅದರೊಳಗಿನ ಪದಾರ್ಥ, 30 ಸೆಂ.ಮೀ. ಸಣ್ಣಕರುಳು, ಇನ್ನೊಂದಕ್ಕೆ 500 ಗ್ರಾಂ ಯಕೃತ್ತು, ಎರಡೂ ಮೂತ್ರಪಿಂಡಗಳಿಂದ ಅರ್ಧರ್ಧ. ಕೆಡದಿರಲು ಮೇಲೆ ಅಡುಗೆ ಉಪ್ಪಿನ ಪರ್ಯಾಪ್ತ ದ್ರಾವಣ: ತಳದಲ್ಲಿ ಕರಗದ ಉಪ್ಪಿನ ಪದರ ಕಣ್ಣಿಗೆ ಕಾಣಲೇಬೇಕು. ಬಾಟಲಿಯ ಮೂರನೇ ಒಂದು ಭಾಗ ಖಾಲಿ ಬಿಡಿ, ಇಲ್ಲವಾದರೆ ಕೊಳೆತ ಅನಿಲಕ್ಕೆ ಮುಚ್ಚಳ ಸಿಡಿಯುತ್ತದೆ.

ಅಂಗಾಂಶ ಕಾಪಿಡುವ ರಾಸಾಯನಿಕವಾದ ಫಾರ್ಮಲಿನ್ ಮಾತ್ರ ಬೇಡವೇ ಬೇಡ. ಅಂಗಾಂಶ ಗಟ್ಟಿಯಾಗಿ ಪ್ರಯೋಗಾಲಯದವರಿಗೆ ವಿಷ ಬೇರ್ಪಡಿಸುವುದೇ ಕಷ್ಟವಾಗುತ್ತದೆ. ಬಳಸಿದ ಉಪ್ಪುನೀರಿನ ಮಾದರಿಯನ್ನೂ ಪ್ರತ್ಯೇಕವಾಗಿ ಸೀಲ್ ಮಾಡಿ ಕಳಿಸಿ. ಮರೆತರೆ, ವಿಷ ಬಂದದ್ದು ಆ ಉಪ್ಪುನೀರಿನಿಂದಲೇ ಎಂಬ ನ್ಯಾಯಾಲಯದ ವಾದಕ್ಕೆ ಉತ್ತರವಿರುವುದಿಲ್ಲ.